ಪೋಲಿಷ್ ಹೋಟೆಲಿನಲ್ಲಿ ಸೀಮಂತ

ಮಗಳ ಸೀಮಂತಕ್ಕೆ ಪೋಲೆಂಡಿನವರ ಹೋಟೆಲೇ ಬೇಕಿತ್ತಾ ಅಂತ ಅಡಿಲೇಡಿನ ಅರ್ಧ ಕನ್ನಡದವರು ನನ್ನನ್ನ ಎದುರಿಗೇ ಕೇಳಿದ್ದಾರೆ. ಇನ್ನರ್ಧ ಜನ ಬೆನ್ನ ಹಿಂದೆ ಕೇಳಿದ್ದಾರೆ. ಹೌದು, ಅದೇ ಬೇಕಿತ್ತು. ಯಾಕೆ ಅಂತ ಒಂದ್ಸಲ ಸರಿಯಾಗಿ ಹೇಳಿಬಿಡ್ತೀನಿ, ಆಮೇಲೆ ಯಾರೂ ನನ್ನ ತಲೆ ತಿನ್ನಬಾರದು.

ಆ ಹೋಟೆಲು ನಮಗೆ ಸಿಕ್ಕಿದ್ದು 2010ರ ಆಸುಪಾಸಿನಲ್ಲಿ, ಒಂದು ಜುಲೈ ಸಂಜೆ, ಇಲ್ಲಿ ಅದು ಚಳಿಗಾಲ. ನಮ್ಮ ಮನೆ ಅಡಿಲೇಡಿನ ಸ್ಯಾಲಿಸ್‌ಬರಿಯಲ್ಲಿ. ನಮ್ಮನೆಯವರು ಅಲ್ಲೇ ಹತ್ತಿರದ ಫ್ಯಾಕ್ಟರಿಯೊಂದರಲ್ಲಿ ಇಂಜಿನಿಯರ್. ಸಿಟಿ ಕಡೆಯಿಂದ ಬರ್ತಾ ಕಾರು ಕೆಟ್ಟು ನಿಂತುಬಿಡ್ತು. ಎಳ್ಕೊಂಡು ಹೋಗೋ ಟ್ರಕ್ಕು ಬರೋಕೆ ಒಂದು ಗಂಟೆ ಆಗುತ್ತೆ ಅಂದ್ರು. ಮಳೆ ಬೇರೆ, ಮೂಳೆ ಕೊರೆಯೋ ಚಳಿ ಬೇರೆ. ರಸ್ತೆ ಆಚೆ ಕಿಟಕಿಗೆ ಲೇಸಿನ ಪರದೆ ಹಾಕಿ ಹಳದಿ ದೀಪ ಉರಿಸಿದ್ದ ಒಂದು ಜಾಗ ಕಾಣ್ತು. ಯಾರದೋ ಮನೆ ಅಂದ್ಕೊಂಡ್ವಿ. ಬಾಗಿಲ ಮೇಲೆ ಬೋರ್ಡು ನೋಡಿದ ಮೇಲೇ ಹೋಟೆಲು ಅಂತ ಗೊತ್ತಾಗಿದ್ದು.

ಒಳಗೆ ಏಳೆಂಟು ಮೇಜು ಅಷ್ಟೇ. ಎಲ್ಲಕ್ಕೂ ಕಸೂತಿ ಹಾಕಿದ ಬಿಳಿ ಬಟ್ಟೆ. ಗೋಡೆ ತುಂಬ ನೀಲಿ ಚುಕ್ಕಿ ಬರೆದ ತಟ್ಟೆಗಳು. ಮೂಲೆಯಲ್ಲಿ ಹೀಟರು ಗುಂಯ್ ಅಂತಿತ್ತು. ಯಜಮಾನಿಗೆ ಎಪ್ಪತ್ತರ ಹತ್ತಿರ ವಯಸ್ಸು, ಎತ್ತಿ ಕಟ್ಟಿದ ಬಿಳಿ ತುರುಬು, ತುಟಿಗೆ ಕೆಂಪು ಲಿಪ್‌ಸ್ಟಿಕ್. ಚಿಕ್ಕ ಮಗುವಾಗಿದ್ದಾಗ ಅಪ್ಪ ಅಮ್ಮನ ಜೊತೆ ಹಡಗಿನಲ್ಲಿ ಪೋಲೆಂಡಿನಿಂದ ಬಂದೋರಂತೆ. ನಾವು ಮಾಂಸ ತಿನ್ನಲ್ಲ ಅಂದಾಗ ಆಯಮ್ಮ, ಮನೆಗೆ ಬಂದ ನೆಂಟರು ಹುಷಾರಿಲ್ಲ ಅಂದಹಾಗೆ ಮುಖ ಮಾಡಿದ್ರು. ಆಮೇಲೆ "ಕೂತ್ಕೊಳ್ಳಿ" ಅಂತ ಗದರಿಸಿ ಒಳಗೆ ಹೋದ್ರು.

ಮೊದಲು ಬಂದಿದ್ದು ಹುಳಿಹುಳಿ ಬೀಟ್‌ರೂಟ್ ಸಾರು. ನಮ್ಮನೆಯವರು ಕಪ್ಪನ್ನ ಎರಡೂ ಕೈಯಲ್ಲಿ ಹಿಡ್ಕೊಂಡು ಕುಡಿದ್ರು. ಆಮೇಲೆ ಬಂದಿದ್ದು ಕಡುಬು. ಪಿಯೆರೊಗಿ ಅಂತ ಅದರ ಹೆಸರು, ಆದರೆ ಅರ್ಧಚಂದ್ರದ ಆಕಾರ, ಅಂಚು ಒತ್ತಿರೋ ರೀತಿ, ಎಲ್ಲಾ ನಮ್ಮ ಕಡುಬೇ. ಒಳಗೆ ಆಲೂಗಡ್ಡೆ, ಪನೀರಿನಂಥ ಗಿಣ್ಣು, ಮೇಲೆ ಕೆಂಪಗೆ ಹುರಿದ ಈರುಳ್ಳಿ. ಪಕ್ಕದಲ್ಲಿ ಬೇಯಿಸಿದ ಆಲೂಗಡ್ಡೆ, ಅದರ ಮೇಲೆ ಹಸಿರು ಸೊಪ್ಪು ಉದುರಿಸಿದ್ರು. ನಮ್ಮನೆಯವರು ಮೂಸಿ ನೋಡಿ, "ಲೇ, ಸಬ್ಬಸಿಗೆ ಕಣೇ ಇದು" ಅಂದ್ರು. ಅವರ ದನಿ ಕೇಳಿ ನನಗೆ ಬೆಂಗಳೂರಿನ ಮಾರ್ಕೆಟ್ಟಿನಲ್ಲಿ ನಿಂತಂಗಾಯ್ತು. ಇಬ್ಬರೂ ತಟ್ಟೆ ಖಾಲಿ ಮಾಡಿದ್ವಿ.

ಊಟ ಆದಮೇಲೆ ಅಭ್ಯಾಸಬಲ, ನಾನು ತಟ್ಟೆಗಳನ್ನ ಜೋಡಿಸ್ಕೊಂಡು ಎದ್ದೆ. ಯಜಮಾನಿ ಓಡಿ ಬಂದು ಕೈಯಿಂದ ಕಿತ್ಕೊಂಡ್ರು. ಇಲ್ಲಿ ಬಂದೋರು ಏಳೋ ಹಾಗಿಲ್ಲ, ಒಳಗೆ ಕಾಲಿಡೋ ಹಾಗಂತೂ ಇಲ್ವೇ ಇಲ್ಲ ಅಂತ ಬೈದ್ರು. ನಾನು ಹುಟ್ಟಿದಾಗಿನಿಂದ ಬಡಿಸಿ ಬೆಳೆದೋಳು. ಗಂಡಸರ ಪಂಕ್ತಿ, ಮಕ್ಕಳ ಪಂಕ್ತಿ, ಕೊನೆಗೆ ತಳ ಕೆರೆದು ನಾವು. ಆಸ್ಟ್ರೇಲಿಯಾಕ್ಕೆ ಬಂದ ಮೇಲೂ ಪಾರ್ಕಿನಲ್ಲಿ ಬಾರ್ಬೆಕ್ಯೂ ಮಾಡಿದ್ರೂ ಇದೇ ಕಥೆ. ಆವತ್ತು ಬಿಸಿಬಿಸಿ ಊಟ ಮಾಡಿ, ಕೂತಲ್ಲೇ ಕೂತು, ಬೈಸ್ಕೊಂಡು ಬಂದೆ. ಅಂಥ ಬೈಗುಳ ಇನ್ನಷ್ಟು ಬೇಕು ಅನ್ನಿಸ್ತು. ತಿಂಗಳಿಗೊಂದ್ಸಲ ಅಲ್ಲಿಗೆ ಹೋಗೋದು ರೂಢಿಯಾಯ್ತು.

ಕೆಲವು ವರ್ಷ ಆದಮೇಲೆ ನಮ್ಮನೆಯವರು ಹೋಗ್ಬಿಟ್ರು. ಬೆಳಿಗ್ಗೆ ಶೂ ಹಾಕ್ಕೊಳ್ತಾ ಎದೆ ಹಿಡ್ಕೊಂಡೋರು ಆಸ್ಪತ್ರೆ ತನಕ ಉಳೀಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯೋಕೆ ನನಗೆ ಆಗಲ್ಲ.

ನಮ್ಮ ಜನ ಕೆಟ್ಟೋರಲ್ಲ. ಹದಿನೈದು ದಿನ ಊಟ ತಂದುಕೊಟ್ರು, ಬ್ಯಾಂಕು ಇನ್ಶೂರೆನ್ಸು ಅಂತ ಓಡಾಡಿದ್ರು. ಆದರೆ ಅದಾದ ಮೇಲೆ ಒಂದು ವಿಚಿತ್ರ ಶುರುವಾಯ್ತು. ಯಾರ ಮನೆ ಪೂಜೆ ಇರಲಿ, ಹೋಳಿಗೆಗೆ ಆಂಟೀನೇ ಬೇಕು, ಪುಳಿಯೋಗರೆಗೆ ಆಂಟೀನೇ ಬೇಕು. ಬೆಳಿಗ್ಗೆಯಿಂದ ಸೆರಗು ಸೊಂಟಕ್ಕೆ ಸಿಕ್ಕಿಸಿ ದುಡೀತಿದ್ದೆ. ಆರತಿ ಹೊತ್ತಿಗೆ ಸರಿಯಾಗಿ ಯಾರಾದ್ರೂ ಬಂದು, "ಆಂಟಿ, ಒಳಗೆ ಪಾಯಸ ತಳ ಹಿಡೀತಿದೆಯೇನೋ ಸ್ವಲ್ಪ ನೋಡ್ತೀರಾ?" ಅನ್ನೋರು. ಒಲೆ ಆರಿಸಿ ಬಂದವಳು ನಾನೇ. ಆರಿದ ಒಲೆ ಮೇಲೆ ಪಾಯಸ ಹೇಗೆ ತಳ ಹಿಡಿಯುತ್ತೆ? ಮೊದಲ ಸಲ ಅರ್ಥ ಆಗಲಿಲ್ಲ. ಎರಡನೇ ಸಲ ಅರ್ಥ ಆಯ್ತು. ನಾನು ಮಾಡಿದ ಹೋಳಿಗೆ ಮಂಗಳ, ನನ್ನ ಮುಖ ಮಾತ್ರ ಅಮಂಗಳ. ಎಂಥ ಲೆಕ್ಕ ನೋಡಿ.

ಆ ಎರಡನೇ ಸಲದ ಮರುದಿನ ಮಧ್ಯಾಹ್ನ ಒಬ್ಬಳೇ ಪೋಲಿಷ್ ಹೋಟೆಲಿಗೆ ಹೋದೆ. ಯಜಮಾನಿ ನನ್ನ ಹಿಂದೆ ಬಾಗಿಲ ಕಡೆ ನೋಡಿ, ಅವರೆಲ್ಲಿ ಅಂದ್ರು. ಹೇಳಿದೆ. ಆಯಮ್ಮ ನಮ್ಮ ಮಾಮೂಲಿ ಮೇಜಿಗೆ ಎರಡು ತಟ್ಟೆ ತಂದಿಟ್ಟು, ಎದುರಿನ ಕುರ್ಚಿ ಎಳ್ಕೊಂಡು ತಾವೇ ಕೂತು ನನ್ನ ಜೊತೆ ಊಟ ಮಾಡಿದ್ರು. ಅವರ ಗಂಡ ಹೋಗಿ ಎಷ್ಟೋ ವರ್ಷ ಆಗಿತ್ತಂತೆ. ಲಿಪ್‌ಸ್ಟಿಕ್ ಮಾತ್ರ ಹೋಗಿರಲಿಲ್ಲ. ಕೊನೆಗೆ ಗಸಗಸೆ ಹೂರಣ ತುಂಬಿ ಸುರುಳಿ ಸುತ್ತಿದ ಒಂದು ಕೇಕು ಕೊಟ್ಟು, ಪೂರ್ತಿ ತಿನ್ನೋ ತನಕ ಏಳೋಕೆ ಬಿಡಲಿಲ್ಲ.

ಗಂಡ ಸತ್ತು ವರ್ಷ ಆಗಿಲ್ಲ, ಒಬ್ಬಳೇ ಹೋಟೆಲಲ್ಲಿ ಕೂತು ತಿಂತಾಳೆ ಅಂತ ಸುದ್ದಿ ಹಬ್ಬಿತು. ಹಬ್ಬಲಿ ಅಂದೆ. ಪ್ರತಿ ತಿಂಗಳೂ ಹೋದೆ.

ಅಷ್ಟರಲ್ಲಿ ಮಗಳು ಬಸುರಿಯಾದಳು. ಅವಳಿರೋದು ಪರ್ತ್‌ನ ಜೂಂಡಲಪ್‌ನಲ್ಲಿ, ಅಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಅಳಿಯ ಮೈಸೂರಿನ ಹುಡುಗ, ಗಣಿ ಕಂಪನಿಯಲ್ಲಿ ಜಿಯಾಲಜಿಸ್ಟ್, ಎರಡು ವಾರ ಮರುಭೂಮಿ, ಒಂದು ವಾರ ಮನೆ. ಸೊಸೆ ಬಾಣಂತನ ನೋಡ್ಕೊಳ್ಳೋಕೆ ಅಂತ ಅವನ ತಾಯಿ, ಅಂದ್ರೆ ನಮ್ಮ ಬೀಗಿತ್ತಿ, ಮೈಸೂರಿನಿಂದ ಬಂದಿದ್ರು. ಏಳನೇ ತಿಂಗಳಲ್ಲಿ ಅವರ ಫೋನು ಬಂತು.

"ಸೀಮಂತ ತವರಲ್ಲೇ ಆಗ್ಲಿ ಕಣ್ರೀ. ನಾವೆಲ್ಲಾ ಅಡಿಲೇಡಿಗೇ ಬರ್ತೀವಿ, ನಿಮ್ಮ ಕೈ ಹೋಳಿಗೆ ತಿನ್ನಬಹುದು" ಅಂದ್ರು. ಸಂತೋಷ ಅಂದೆ. ಆಮೇಲೆ ದನಿ ಇಳಿಸಿದ್ರು. "ಮಡಿಲು ತುಂಬೋಕೆ ನಾನಿರ್ತೀನಿ, ಬ್ರಿಸ್ಬೇನಿಂದ ನನ್ನ ತಂಗೀನೂ ಬರ್ತಾಳೆ. ನೀವು ತಪ್ಪು ತಿಳ್ಕೋಬೇಡಿ, ಮೊದಲನೇ ಮಗು, ಏನಾದ್ರೂ ಹೆಚ್ಚು ಕಮ್ಮಿ ಆಗಬಾರದಲ್ವಾ. ಆ ಹೊತ್ತಿಗೆ ನೀವು ಅಡುಗೆಮನೆ ಕಡೆ ಇದ್ದುಬಿಡಿ."

ನಾನು ಫೋನಿಟ್ಟೆ. ಸ್ವಲ್ಪ ಹೊತ್ತಿಗೆ ಮಗಳ ಫೋನು. ಕನ್ನಡ ಎಲ್ಲಾ ಅರ್ಥ ಆಗುತ್ತೆ ಅವಳಿಗೆ, ಮಾತು ಮಾತ್ರ ಇಂಗ್ಲಿಷೇ. "ಅಮ್ಮಾ, ಇಟ್ಸ್ ಜಸ್ಟ್ ಟೆನ್ ಮಿನಿಟ್ಸ್. ಲೆಟ್ ಇಟ್ ಗೋ" ಅಂದಳು. ಅತ್ತೆ ಜೊತೆ ಒಂದೇ ಮನೆಯಲ್ಲಿ ಇನ್ನೂ ಎಷ್ಟೋ ತಿಂಗಳು ಇರಬೇಕಾದವಳು, ಅವಳ ಕಷ್ಟ ಅವಳಿಗೆ. ಬೀಗಿತ್ತಿ ಮಾತಿಗೆ ಸಿಟ್ಟು ಬಂದಿತ್ತು. ಮಗಳ ಮಾತಿಗೆ ಅಳು ಬಂತು. ನನಗೇನು ಒಡವೆ ಬೇಕಿತ್ತಾ, ಮರ್ಯಾದೆ ಬೇಕಿತ್ತಾ? ನಾನು ಹೆತ್ತವಳ ಮಡಿಲಿಗೆ ನನ್ನ ಕೈಯಾರೆ ಒಂದು ಹಿಡಿ ಅಕ್ಕಿ ಹಾಕಬೇಕಿತ್ತು. ಅಷ್ಟೇ.

ಮಾರನೇ ದಿನ ಹೋಟೆಲಿನಲ್ಲಿ ಕೂತಿದ್ದಾಗ ಯಾರೋ ಗಿರಾಕಿ ಉಪ್ಪು ಕೇಳೋಕೆ ಅಂತ ಅಡುಗೆಮನೆ ಬಾಗಿಲು ತಳ್ಳಿದ. ಯಜಮಾನಿ ಅವನನ್ನ ಹಿಗ್ಗಾಮುಗ್ಗಾ ಬೈದು ವಾಪಸ್ ಕಳಿಸಿದ್ರು. ಆಗ ನನಗೆ ಹೊಳೀತು. ಸೀಮಂತ ನನ್ನ ಮನೆಯಲ್ಲಾದ್ರೆ ನನ್ನನ್ನ ಕಳಿಸೋಕೆ ನನ್ನದೇ ಅಡುಗೆಮನೆ ಇದೆ. ಇಲ್ಲಾದ್ರೆ ಎಲ್ಲಿಗೆ ಕಳಿಸ್ತಾರೆ?

ಅಲ್ಲೇ ಕೂತು ಒಂದು ಭಾನುವಾರ ಮಧ್ಯಾಹ್ನಕ್ಕೆ ಪೂರ್ತಿ ಹೋಟೆಲು ಬುಕ್ ಮಾಡಿಬಿಟ್ಟೆ. ಮಾಂಸದ ಪಾತ್ರೆ ಬೇರೆ, ನಮ್ಮ ಪಾತ್ರೆ ಬೇರೆ, ಹಿಟ್ಟಿಗೆ ಮೊಟ್ಟೆ ಹಾಕಬಾರದು ಅಂದೆ. ಯಜಮಾನಿಗೆ ಅವಮಾನ ಆಯ್ತು, ಆದರೂ ಒಪ್ಪಿದ್ರು. ಸೀಮಂತ ಅಂದ್ರೇನು, ನನ್ನನ್ನ ಯಾಕೆ ದೂರ ಇಡ್ತಾರೆ ಅಂತ ವಿವರಿಸಿದೆ. ಆಯಮ್ಮ, ನಮ್ಮ ಪೋಲೆಂಡಿನವರಲ್ಲಿ ಮಗು ಹುಟ್ಟೋ ಮುಂಚೆ ಮಗೂನ ಕೂರಿಸೋ ತಳ್ಳುಗಾಡಿ ಸಹ ಮನೆಯೊಳಗೆ ತರಬಾರದು ಅಂತ ನಮ್ಮತ್ತೆ ಹೆದರಿಸ್ತಿದ್ಲು, ಹೆದರಿಸೋರು ಎಲ್ಲಾ ದೇಶದಲ್ಲೂ ಇದ್ದಾರೆ ಬಿಡು ಅಂತ ನಕ್ಕರು.

ಬೀಗಿತ್ತಿಗೆ ಹೇಳಿದಾಗ ಅವರು ಹೌಹಾರಿದ್ರು. ಹೋಟೆಲಾ, ಅದೂ ಬೇರೆ ಜನದ್ದಾ, ಎಂಥೆಂಥ ಪಾತ್ರೆಯೋ ಅಂದ್ರು. "ತವರಲ್ಲೇ ಆಗ್ಲಿ ಅಂದೋರು ನೀವೇ. ತವರು ನಾನು. ನಾನು ಕರೆದ ಕಡೆ ಬನ್ನಿ" ಅಂದೆ.

ಬಂದ್ರು. ಬೀಗಿತ್ತಿ ಮೈಸೂರು ಸಿಲ್ಕ್ ಉಟ್ಟು, ಜೊತೆಗೆ ಬ್ರಿಸ್ಬೇನ್‌ನ ಫಾರೆಸ್ಟ್ ಲೇಕ್‌ನಿಂದ ವಿಮಾನ ಹತ್ತಿ ಬಂದ ಅವರ ತಂಗಿ, ಅಳಿಯ, ಹಸಿರು ಸೀರೆಯಲ್ಲಿ ನನ್ನ ಮಗಳು. ನಮ್ಮೂರ ಕನ್ನಡದವರು ಒಂದಷ್ಟು ಜನ, ಕುತೂಹಲಕ್ಕೇ ಬಂದೋರು ಜಾಸ್ತಿ. ಶಾಸ್ತ್ರ ಮೊದಲು, ಊಟ ಆಮೇಲೆ ಅಂತ ಬೀಗಿತ್ತಿ. ಬಸುರಿ ಹೆಂಗಸನ್ನ ಹಸಿದ ಹೊಟ್ಟೆಯಲ್ಲಿ ಕೂರಿಸ್ತೀರಾ ಅಂತ ಯಜಮಾನಿ. ಭಾನುವಾರ ರಾಹುಕಾಲ ಸಾಯಂಕಾಲ, ಅವಸರ ಏನಿಲ್ಲ ಅಂತ ನಾನು ಒಗ್ಗರಣೆ ಹಾಕಿದೆ. ಸಾರು ಬಂದೇ ಬಿಡ್ತು.

ಬೀಗಿತ್ತಿ ಮೊದಲು ನೀರು ಮಾತ್ರ ಕುಡಿದ್ರು. ಕಡುಬಿನ ತಟ್ಟೆ ಬಂದಾಗ ಸಬ್ಬಸಿಗೆ ವಾಸನೆ ಅವರ ಮೂಗಿಗೂ ಹೋಯ್ತು, ನಾನು ನೋಡ್ತಾನೇ ಇದ್ದೆ. ಒಂದು ಮುರಿದು ಬಾಯಿಗಿಟ್ರು. ತುಪ್ಪ ಹಾಕಿದ್ರೆ ಇನ್ನೂ ಚೆನ್ನಾಗಿರ್ತಿತ್ತು ಅಂದ್ರು. ಆಮೇಲೆ ಇನ್ನೊಂದು ತಟ್ಟೆ ತರಿಸ್ಕೊಂಡ್ರು. ಮಗಳು ಎರಡು ವರ್ಷದಿಂದ ಊಟ ಕಾಣದವಳ ಹಾಗೆ ತಿಂದಳು, ಯಜಮಾನಿ ಅವಳ ಪಕ್ಕದಿಂದ ಅಲ್ಲಾಡಲಿಲ್ಲ.

ಕೈ ತೊಳೆದು ಶಾಸ್ತ್ರಕ್ಕೆ ಕೂತ್ವಿ. ಮಗಳ ಕುರ್ಚಿ ಪೂರ್ವಕ್ಕೆ ತಿರುಗಿಸಿದ್ದಾಯ್ತು. ಬೀಗಿತ್ತಿ, ಅವರ ತಂಗಿ ಅರಿಶಿನ ಕುಂಕುಮ ಇಟ್ಟು, ಹಸಿರು ಬಳೆ ತೊಡಿಸಿ, ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ ಹಾಕಿದ್ರು. ದೀರ್ಘ ಸುಮಂಗಲಿಯಾಗು ಅಂತ ಹರಸಿದ್ರು. ನಾನು ಎದ್ದೆ. ಬೀಗಿತ್ತಿ ನನ್ನ ಕಡೆ ತಿರುಗಿ, "ರೀ, ಒಳಗೆ ಸಿಹಿ ರೆಡಿಯಾಗಿದೆಯಾ ನೋಡ್ಕೊಂಡು ಬರ್ತೀರಾ?" ಅಂದ್ರು.

"ಅಲ್ಲಿಗೆ ಯಾರನ್ನೂ ಬಿಡಲ್ಲ" ಅಂದೆ.

ಅವರು ಯಜಮಾನಿಗೆ ಇಂಗ್ಲಿಷಿನಲ್ಲೇ ಹೇಳಿದ್ರು, ಇವರು ನಿಮಗೆ ಕಿಚನ್ನಿನಲ್ಲಿ ಸಹಾಯ ಮಾಡ್ತಾರೆ ಅಂತ. ಯಜಮಾನಿ ಕೈಕಟ್ಟಿ ಬಾಗಿಲಿಗೆ ಒರಗಿ ನಿಂತು, ನನಗೆ ಸಹಾಯ ಬೇಡ ಅಂದ್ರು.

ಬೀಗಿತ್ತಿಗೆ ಬೇರೆ ದಾರಿ ಉಳೀಲಿಲ್ಲ. ಎಲ್ಲರೆದುರಿಗೇ ಅಂದ್ರು: "ಮಗೂಗೆ ಏನಾದ್ರೂ ಆದ್ರೆ?"

ಮೈಸೂರಿನಲ್ಲಿ ಅವರ ಯಜಮಾನರಿಗೆ ಹೃದಯದ ಆಪರೇಷನ್ ಆಗಿದ್ದು ನನಗೆ ಗೊತ್ತಿತ್ತು. ನಾಳೆ ನಿಮಗೂ ಇದೇ ಗತಿ ಬಂದ್ರೆ ಅನ್ನೋ ಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ. ಆ ಮಾತಾಡಿದ್ರೆ ಅವರಿಗೂ ನನಗೂ ಏನು ವ್ಯತ್ಯಾಸ? ಇನ್ನೊಂದು ನಿಜಾನೂ ಹೇಳ್ತೀನಿ, ನನಗೂ ಹೆದರಿಕೆ ಆಯ್ತು. ಇದನ್ನೆಲ್ಲಾ ಕೇಳ್ತಾನೇ ಬೆಳೆದೋಳು ನಾನು. ಅಕ್ಕಿ ತಟ್ಟೆ ಕಡೆ ಚಾಚಿದ ಕೈ ಅಲ್ಲೇ ನಿಂತಿತು. ಮಗು ಆಮೇಲೆ ಗುಂಡುಗುಂಡಾಗಿ ಹುಟ್ಟಿತು, ಆದರೆ ನಾನು ಅದನ್ನ ಸಾಕ್ಷಿಗೆ ಎಳೀತಿಲ್ಲ. ಏನಾಗಿದ್ರೂ ನನ್ನ ಕೈ ಕಾರಣ ಆಗ್ತಿರಲಿಲ್ಲ.

"ಆಯ್ತು, ಏಳಮ್ಮ, ಆರತಿ ಮಾಡೋಣ" ಅಂತ ಬೀಗಿತ್ತಿಯ ತಂಗಿ ಮಗಳ ಭುಜ ಮುಟ್ಟಿದ್ರು. ಮಗಳು ಏಳಲಿಲ್ಲ. ಸೆರಗನ್ನ ಎರಡೂ ಕೈಯಲ್ಲಿ ಇನ್ನೂ ಅಗಲವಾಗಿ ಹಿಡಿದಳು.

"ಐಯಾಮ್ ನಾಟ್ ಡನ್" ಅಂದಳು. ಅತ್ತೆ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದಳು. ಅಳಿಯ ನೆಲ ನೋಡ್ತಿದ್ದೋನು ಎದ್ದು ಬಂದು ಅಕ್ಕಿಯ ತಟ್ಟೆಯನ್ನ ನನ್ನ ಹತ್ತಿರಕ್ಕೆ ಸರಿಸಿದ.

ಬೊಗಸೆ ತುಂಬ ತಗೊಂಡು ಹಾಕಿದೆ. ಮೂರು ಸಲ. ಹಣೆಗೆ ಕುಂಕುಮ ಇಟ್ಟೆ. ಹರಸಬೇಕಲ್ಲ, ಎಲ್ಲರೂ ಕಾಯ್ತಿದ್ರು. ದೀರ್ಘ ಸುಮಂಗಲಿ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ನನ್ನ ಮದುವೆಯಲ್ಲಿ ಊರಿಗೆ ಊರೇ ನನಗೆ ಅದನ್ನ ಹೇಳಿತ್ತು. ಅವಳ ತಲೆ ಮೇಲೆ ಕೈಯಿಟ್ಟು, "ನೂರು ವರ್ಷ ಇರು. ಯಾರಿದ್ರೂ, ಯಾರಿಲ್ದಿದ್ರೂ, ನೀನು ಇರು" ಅಂದೆ.

"ಇದೆಂಥ ಆಶೀರ್ವಾದ ರೀ?" ಅಂದ್ರು ಬೀಗಿತ್ತಿ.

"ನನಗೆ ಯಾರೂ ಮಾಡದೇ ಇದ್ದಿದ್ದು" ಅಂದೆ.