ಅರಿಶಿನ ಕುಡಿದ ಕಾರು

ಆ ಕಾಲದಲ್ಲೇ ನಮ್ಮ ಮನೆಯಲ್ಲಿ ಕಾರಿತ್ತು ಎಂದರೆ ಈಗಿನ ಹುಡುಗರು ನಮ್ಮನ್ನು ಸಾಹುಕಾರರು ಎಂದುಕೊಳ್ಳುತ್ತಾರೆ. ಅದು ಕಾರು ಎಂದು ನಾವು ಹೇಳಬೇಕಿತ್ತು, ನೋಡಿದವರು ತಾವಾಗಿ ಹೇಳುತ್ತಿರಲಿಲ್ಲ. ಕಾಲುವೆ ಕೆಲಸ ಮುಗಿಸಿ ಹೊರಟ ಗುತ್ತೇದಾರರೊಬ್ಬರು, ಜೊತೆಗೆ ಒಯ್ಯಲು ನಾಚಿಕೆಯಾಗಿಯೋ ಏನೋ, ಅದನ್ನು ನನ್ನ ಗಂಡನಿಗೆ ಬಿಟ್ಟುಹೋಗಿದ್ದರು. ನಮ್ಮವರು ಅವರಲ್ಲಿ ಲಾರಿ ಓಡಿಸುತ್ತಿದ್ದರು. ಒಂದು ಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತಿತ್ತು. ಹಾರ್ನು ತನಗೆ ಮನಸ್ಸು ಬಂದಾಗ ಕೂಗುತ್ತಿತ್ತು. ಬಳಗಾನೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ, ಅಂಗಳದ ಬೇವಿನ ಮರದ ಕೆಳಗೆ ಎಮ್ಮೆಯ ಪಕ್ಕ ಅದು ನಿಂತಿರುತ್ತಿತ್ತು. ಎಮ್ಮೆಗಿದ್ದ ಮರ್ಯಾದೆ ಅದಕ್ಕಿರಲಿಲ್ಲ.

ಆ ವರ್ಷ ನಾನು ಬಸುರಿ. ಹಿಂದಿನ ವರ್ಷ ಒಂದು ಕೂಸು ಆರು ತಿಂಗಳಿಗೇ ಹೊಟ್ಟೆಯಲ್ಲೇ ಕೈತಪ್ಪಿ ಹೋಗಿತ್ತು. ಸುದ್ದಿ ತಿಳಿದು ಲಿಂಗಸುಗೂರಿನಿಂದ ಅವ್ವ ಓಡಿಬಂದಿದ್ದಳು. ಆದರೆ ನಮ್ಮ ಕಡೆ ಮಗಳಿಗೆ ಮಕ್ಕಳಾಗುವ ತನಕ ತಾಯಿಯಾದವಳು ಮಗಳ ಮನೆಯ ಹನಿ ನೀರೂ ಮುಟ್ಟುವುದಿಲ್ಲ. ಬಿಸಿಲಲ್ಲಿ ಬಂದವಳು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಣ ಬಾಯಲ್ಲೇ ಕೂತಿದ್ದು ಸಂಜೆಯ ಬಸ್ಸಿಗೆ ಹೋದಳು. ನಾನು ಹಿಡಿದಿದ್ದ ಸೆರಗನ್ನು ಅವಳೇ ಮೆಲ್ಲಗೆ ಬಿಡಿಸಿಕೊಂಡಳು. ಹಾಗಾಗಿ ಈ ಸಲ ನನಗೆ ಒಂದೇ ಹಟವಿತ್ತು. ಹೆರುವಾಗ ಅವ್ವ ಪಕ್ಕದಲ್ಲಿರಬೇಕು. ಅದಕ್ಕೆ ನಾನು ತವರಿಗೆ ಹೋಗಬೇಕು, ಬೇರೆ ದಾರಿಯಿಲ್ಲ.

ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿ, ಬಸ್ಸೂ ಬೇಡ, ಎತ್ತಿನ ಗಾಡಿಯೂ ಬೇಡ, ಈ ಎರೆಮಣ್ಣಿನ ದಾರಿಯಲ್ಲಿ ಕುಲುಕಾಡಿದರೆ ನನ್ನ ಹೊಣೆಯಲ್ಲ ಎಂದಳು. ಕಾರಿನ ಹಿಂದಿನ ಸೀಟಿಗೆ ಹಾಸಿಗೆ ಹಾಸಿ ನಿಧಾನಕ್ಕೆ ಹೋಗುವುದಾದರೆ ಹೋಗಬಹುದು, ಅದೂ ಬೇಗ ಎಂದಳು. ಅತ್ತೆ ಅದಕ್ಕೆ ತಮ್ಮ ಗಡುವನ್ನೂ ಸೇರಿಸಿದರು. ಅಮಾವಾಸ್ಯೆ ದಾಟಿದರೆ ಎಂಟನೆಯ ತಿಂಗಳಲ್ಲಿ ಬೀಳುತ್ತದೆ, ಎಂಟರಲ್ಲಿ ಬಿದ್ದವಳನ್ನು ಊರು ದಾಟಿಸುವಂತಿಲ್ಲ.

ಅತ್ತೆಯದು ಮಾತು ಕಡಿಮೆ, ಇದ್ದದ್ದೂ ಖಾರ. ಮಾವನವರು ಕಾಲುವೆಯ ಕೆಳಗಿನ ಗದ್ದೆಯಲ್ಲೇ ಗುಡಿಸಲು ಹಾಕಿಕೊಂಡಿದ್ದರು, ಮನೆಯೆಲ್ಲ ಅತ್ತೆಯ ಕೈಯಲ್ಲಿ. ಜೋಳ ಎಷ್ಟು ಬೀಸಬೇಕು, ಪುಂಡಿಪಲ್ಯಕ್ಕೆ ಎಷ್ಟು ಬೆಳ್ಳುಳ್ಳಿ ಬೀಳಬೇಕು, ಎಲ್ಲವೂ ಅವರು ಹೇಳಿದಂತೆ. ನಾನು ತವರಿಗೆ ಹೋಗುವುದು ಅವರಿಗೆ ಇಷ್ಟವೋ ಇಲ್ಲವೋ ಎಂದು ಅವರ ಮುಖ ನೋಡಿ ಹೇಳಲು ಆ ದೇವರಿಗೂ ಆಗುತ್ತಿರಲಿಲ್ಲ.

ಹೊರಡುವ ಮುಂಚೆ ಒಮ್ಮೆ ನೋಡಿಬಿಡೋಣ ಎಂದು ನಮ್ಮವರು ಕಾರನ್ನು ಮಸ್ಕಿಯ ತನಕ ಓಡಿಸಿಕೊಂಡು ಹೋದರು. ಬರುವಾಗ ಅದು ನಡುದಾರಿಯಲ್ಲಿ ಬುಸ್ಸೆಂದು ಹಬೆ ಬಿಟ್ಟು ನಿಂತುಬಿಟ್ಟಿತು. ಕೊನೆಗೆ ಎತ್ತು ಕಟ್ಟಿ ಎಳೆದುಕೊಂಡು ಬಂದರು. ರೇಡಿಯೇಟರು ಹೋಗಿದೆ ಎಂದರು. ಎಂಜಿನ್ನಿನಲ್ಲಿ ಕುದಿದ ನೀರು ಅದರೊಳಗಿನ ಸಣ್ಣ ತಾಮ್ರದ ಕೊಳವೆಗಳಲ್ಲಿ ಇಳಿದು, ತಣ್ಣಗಾಗಿ ಮತ್ತೆ ಎಂಜಿನ್ನಿಗೆ ಹೋಗಬೇಕಂತೆ. ಕೊಳವೆ ಕಟ್ಟಿಕೊಂಡರೆ ಮುಗಿಯಿತು. ಮರುದಿನವೇ ಸಿಂಧನೂರಿಗೆ ಹೋಗಿ, ಗುಜರಿಗೆ ಬಿದ್ದ ಯಾವುದೋ ಜೀಪಿನ ರೇಡಿಯೇಟರನ್ನು ಹುಡುಕಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಅಷ್ಟು ಜೋಪಾನವಾಗಿ ಅವರು ನನ್ನನ್ನೂ ಮದುವೆಯಾಗಿ ಕರೆತಂದಿರಲಿಲ್ಲ.

ಬೇವಿನ ನೆರಳಲ್ಲಿ ಕೆಲಸ ಶುರುವಾಯಿತು. ಮುಂದಿನ ಜಾಲರಿ ಬಿಚ್ಚಿದರು, ಫ್ಯಾನು ಬಿಚ್ಚಿದರು. ತುಕ್ಕು ಹಿಡಿದ ಬೋಲ್ಟುಗಳಿಗೆ ಸೀಮೆಎಣ್ಣೆ ಬಿಟ್ಟು ಕಾದರು, ಬೈದರು, ಮತ್ತೆ ಕಾದರು. ನಾನು ಕಟ್ಟೆಯ ಮೇಲೆ ಕೂತು ಬಿಚ್ಚಿದ ಒಂದೊಂದು ಬೋಲ್ಟನ್ನೂ ತಾಟಿನಲ್ಲಿ ಜೋಡಿಸಿಡುತ್ತಿದ್ದೆ. ಹಳೆಯ ರೇಡಿಯೇಟರು ಹೊರಗೆ ಬಂದಾಗ ಅವರು ಅದನ್ನು ತಲೆಕೆಳಗು ಮಾಡಿ ಜಾಡಿಸಿದರು. ಒಳಗಿನಿಂದ ಹಳದಿ ರಾಡಿ ಬಿತ್ತು. ಗಟ್ಟಿ ಹಿಟ್ಟಿನಂಥ, ಅಡಿಗೆಮನೆಯ ವಾಸನೆಯ ರಾಡಿ. ಅವರು ಬೆರಳಿನಿಂದ ಒರೆಸಿ ಮೂಸಿ ನೋಡಿ ನನ್ನ ಕಡೆ ತಿರುಗಿದರು. ಅರಿಶಿನ!

ಆಗ ನನಗೆ ನೆನಪಾಯಿತು. ಯುಗಾದಿಯ ಹೊತ್ತಿಗೆ ರೇಡಿಯೇಟರು ಹನಿ ಹನಿ ಸೋರುತ್ತಿತ್ತು. ಲಾರಿಯವರ ಉಪಾಯವೊಂದಿದೆ ಎಂದು ನಮ್ಮವರು ಅತ್ತೆಯ ಕಣ್ಣೆದುರೇ ಅಡಿಗೆಮನೆಯಿಂದ ಚಿಟಿಕೆ ಅರಿಶಿನಪುಡಿ ತಂದು ಅದರ ಬಾಯಿಗೆ ಹಾಕಿದ್ದರು. ಪುಡಿ ಹೋಗಿ ಸಂದಿಯಲ್ಲಿ ಕೂತು ಸೋರುವುದು ನಿಂತಿತ್ತು. ಆದರೆ ಈಗ ಬಿದ್ದಿದ್ದು ಚಿಟಿಕೆಯಲ್ಲ, ಒಂದು ಮದುವೆಗಾಗುವಷ್ಟು.

ರೊಟ್ಟಿ ಬಡಿಯುತ್ತಿದ್ದ ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ರಾಡಿ ನೋಡಿದರು. "ನಾನೇ ಹಾಕೀನಿ" ಎಂದರು. "ದಿನಾ ಮುಂಜಾನಿ ಕೆಳಗ ನೀರು ಬಿದ್ದಿರ್ತಿತ್ತು. ನಡುದಾರ್ಯಾಗ ನಿಂತ್ರ ಇಕಿ ತವರಿಗಿ ಹೆಂಗ ಮುಟ್ಟಬೇಕು ಅಂತ ಫಿಕರ್ ಆಗಿ, ಪೂಜಿ ಮುಗಿಸಿ ಬಂದಾಗೊಮ್ಮಿ ಒಂದು ಹಿಡಿ ಹಾಕಾಕತ್ತಿದ್ದೆ."

ಕೆಳಗೆ ಬಿದ್ದಿರುತ್ತಿದ್ದುದು ಎಮ್ಮೆಯ ಬಾನಿಯಿಂದ ಚೆಲ್ಲಿದ ನೀರು ಎಂದು ಹೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ. ಹೋಗು ಎಂದು ಒಂದು ದಿನವೂ ಬಾಯಿಬಿಟ್ಟು ಹೇಳದ ಹೆಂಗಸು, ನಾನು ಹೋಗಲೆಂದೇ ದಿನಾ ಬೆಳಿಗ್ಗೆ ಆ ಕಾರಿಗೆ ಅರಿಶಿನ ಕುಡಿಸಿದ್ದರು.

ಜೀಪಿನ ರೇಡಿಯೇಟರು ನಮ್ಮ ಕಾರಿಗೆ ಸಲೀಸಾಗಿ ಕೂಡಲಿಲ್ಲ. ಬೋಲ್ಟಿನ ತೂತುಗಳು ಹೊಂದಲಿಲ್ಲ. ಕಮ್ಮಾರನ ಹತ್ತಿರ ಕಬ್ಬಿಣದ ಪಟ್ಟಿಗೆ ಬೇರೆ ತೂತು ಹೊಡೆಸಿದರು. ಕೆಳಗಿನ ರಬ್ಬರ್ ಪೈಪು ಸಡಿಲಾಗಿತ್ತು, ಸೈಕಲ್ ಟ್ಯೂಬು ಸುತ್ತಿ ತಂತಿ ಬಿಗಿದರು. ನೀರು ತುಂಬಿ ಎಂಜಿನ್ ಹಚ್ಚಿದರೆ ಮೇಲಿನ ಬೆಸುಗೆಯೇ ಬಿಟ್ಟುಕೊಂಡಿತು. ಅದನ್ನು ಮತ್ತೆ ಬಿಚ್ಚಿ, ಪಾತ್ರೆಗಳಿಗೆ ಬೆಸುಗೆ ಹಾಕುವವನನ್ನು ಹುಡುಕಿಕೊಂಡು ಮಸ್ಕಿಗೆ ಹೋದರೆ, ಅವನು ಯಾವುದೋ ಸಂತೆಗೆ ಹೋಗಿದ್ದ. ಬರುವ ತನಕ ಅಲ್ಲೇ ಕಾದು ಕೆಲಸ ಮಾಡಿಸಿಕೊಂಡು ಬಂದರು. ಕೂರಿಸಿ ಎಂಜಿನ್ ಹಚ್ಚಿದಾಗ ಒಂದು ಹನಿಯೂ ಸೋರಲಿಲ್ಲ. ಆದರೆ ಅಮಾವಾಸ್ಯೆ ಹಿಂದಿನ ದಿನವೇ ಕಳೆದಿತ್ತು.

ನಾನು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಒಂದು ದಿನದ್ದೇನು, ಕಳಿಸಿಬಿಡೋಣ ಎಂದು ನಮ್ಮವರು ಅತ್ತೆಯ ಮುಂದೆ ಅನ್ನುತ್ತಿದ್ದುದು ಕೇಳಿಸುತ್ತಿತ್ತು. ಅತ್ತೆ ಒಪ್ಪಲಿಲ್ಲ. "ಎಂಟರ ನೇಮ ಕೂಸಿಂದು. ಅದನ್ನ ಮುರಿಯೂದು ಬ್ಯಾಡ, ಒಮ್ಮೆ ಸುಟ್ಟುಕೊಂಡೀವಿ" ಎಂದರು. ಆಮೇಲೆ, "ಮಗಳ ಮನಿ ನೀರು ಮುಟ್ಟಬಾರದು ಅನ್ನೂ ನೇಮ ದೊಡ್ಡವರದು. ಅದಕ್ಕ ನಾ ಅದೀನಿ. ಗಾಡಿ ತೆಗಿ" ಎಂದರು.

ಆ ತನಕ ಆ ಕಾರಿನಲ್ಲಿ ಒಮ್ಮೆಯೂ ಕೂರದಿದ್ದ ಅತ್ತೆ ಇಲಕಲ್ ಸೀರೆಯುಟ್ಟು, ನನಗೆಂದು ಹಾಸಿದ್ದ ಹಾಸಿಗೆಯ ಮೇಲೆ ಕೂತು ಲಿಂಗಸುಗೂರಿಗೆ ಹೋದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಹಾರ್ನು ಕೇಳಿಸಿತು. ಹೊರಗೆ ಬಂದು ನೋಡಿದರೆ ಕಾರಿನಿಂದ ಅವ್ವ ಇಳಿಯುತ್ತಿದ್ದಳು, ಕೈಯಲ್ಲಿ ಬಟ್ಟೆಯ ಗಂಟು. ಮನೆಯ ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ದಾರಿಯುದ್ದಕ್ಕೂ ಏನು ಮಾತಾಡಿಕೊಂಡು ಬಂದಿದ್ದರೋ, ಹೊಸ್ತಿಲ ಹತ್ತಿರ ಅವಳ ಕಾಲು ಏಳಲಿಲ್ಲ.

ಅತ್ತೆ ಸೊಂಟದಿಂದ ಕೀಲಿಕೈ ಗೊಂಚಲು ತೆಗೆದು ಅವ್ವನ ಕೈಯಲ್ಲಿಟ್ಟರು. "ಅಕ್ಕಾರ, ಮಗಳ ಮನಿ ನೀರು ನೀವು ಕುಡೀಬ್ಯಾಡ್ರಿ. ಇವತ್ತಿನಿಂದ ಇದು ನಿಮ್ಮ ಮನಿ. ಬಾಣಂತನ ಮುಗಿಯೂ ತನಕ ನಾವು ನಿಮ್ಮ ಮನ್ಯಾಗ ಇರ್ತೀವಿ."

ಅವ್ವ ಒಳಗೆ ಬಂದಳು. ನಾನು ಅವಳ ಭುಜಕ್ಕೆ ಹಣೆಯಿಟ್ಟು ಮನಸಾರೆ ಅತ್ತುಬಿಟ್ಟೆ, ಯಾರೂ ತಡೆಯಲಿಲ್ಲ. ಊರವರು ಆಡಿಕೊಂಡರು. ಚೊಚ್ಚಲ ಹೆರಿಗೆಗೆ ತಾಯಿಯನ್ನೇ ಕರೆಸಿಕೊಂಡರಂತೆ ಎಂದು ಕಾಲುವೆಯ ಮೇಲೆ ಬಟ್ಟೆ ಒಗೆಯುವ ಹೆಂಗಸರಿಗೆ ಬಹಳ ದಿನ ಅದೇ ಮಾತು. ದಿನ ತುಂಬಿ ನನ್ನ ಮಗಳು ಹುಟ್ಟಿದಾಗ ನನ್ನ ಒಂದು ಕೈ ಅವ್ವನ ಹತ್ತಿರವಿತ್ತು, ಇನ್ನೊಂದು ಅತ್ತೆಯ ಹತ್ತಿರ. ಈಗ ಇಬ್ಬರೂ ಇಲ್ಲ. ಯಾರ ಋಣ ಹೆಚ್ಚು ಎಂದು ನಾನು ತೂಗಲು ಹೋಗಿಲ್ಲ, ಎರಡೂ ತೀರುವಂಥದ್ದಲ್ಲ.

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಅವ್ವ ಬಂದ ಮರುದಿನದ ಬೆಳಗಿಗೆ. ಒಲೆ ಹೊತ್ತಿಸುವ ಹೊತ್ತು. ಆ ಮನೆಯಲ್ಲಿ ಅಷ್ಟು ವರ್ಷ ಯಾರನ್ನೂ ಏನನ್ನೂ ಕೇಳದಿದ್ದ ಅತ್ತೆ, ತಲೆಯ ಮೇಲೆ ಸೆರಗು ಎಳೆದುಕೊಂಡು ಅವ್ವನ ಮುಂದೆ ಬಂದು ನಿಂತು ಕೇಳಿದರು:

"ಇವತ್ತು ಏನು ಅಡಿಗಿ ಮಾಡ್ಲಿ ರೀ?"