ಮಾವನಿಗೆ ಕಾಣದ ಫೋಟೋ

ನಮ್ಮ ಮಾವನನ್ನು, ಅಂದರೆ ನನ್ನ ಗಂಡನ ತಂದೆಯನ್ನು, ಫೋಟೋ ಕೂಟದವರು ಬೆನ್ನ ಹಿಂದೆ ‘ಕತ್ತರಿ’ ಅಂತ ಕರೆಯುತ್ತಿದ್ದರು. ಎದುರಿಗೆ ‘ಸಾರ್’. ಅವರ ಜೇಬಿನಲ್ಲಿ ಸದಾ ಎರಡು ಕಪ್ಪು ರಟ್ಟಿನ ತುಂಡುಗಳಿರುತ್ತಿದ್ದವು, ಬಡಗಿಯ ಮೂಲೆಮಟ್ಟದ ಹಾಗೆ ‘L’ ಆಕಾರದವು. ಯಾರಾದರೂ ಫೋಟೋ ತೋರಿಸಿದರೆ ಅವನ್ನು ಅದರ ಮೇಲಿಟ್ಟು, ಅತ್ತಿತ್ತ ಸರಿಸಿ, ಬೇಡದ್ದನ್ನೆಲ್ಲ ಮುಚ್ಚಿ, “ನಿಮ್ಮ ಫೋಟೋ ಇಷ್ಟೇ ನೋಡಿ. ಉಳಿದವರೆಲ್ಲ ಬಾಡಿಗೆ ಕೊಡದೆ ಕೂತಿದ್ದಾರೆ, ಎಬ್ಬಿಸಿ” ಅನ್ನುತ್ತಿದ್ದರು.

ಹಾಗಂತ ಮಾವ ಫೋಟೋಗ್ರಾಫರ್ ಅಲ್ಲ. ದುಡಿಯುವ ವಯಸ್ಸನ್ನೆಲ್ಲ ಒಂದು ಪ್ರಿಂಟಿಂಗ್ ಲ್ಯಾಬಿನಲ್ಲಿ ಕಳೆದವರು. ಊರವರು ತೆಗೆದ ರೀಲುಗಳೆಲ್ಲ ಅವರ ಕಣ್ಣ ಮುಂದೆ ಹಾದುಹೋಗಬೇಕು. ಮುಖ ಹಳದಿಗಟ್ಟಿದ್ದರೆ ಹಳದಿ ಇಳಿಸಬೇಕು, ಹೆಣದ ಹಾಗೆ ನೀಲಿಗಟ್ಟಿದ್ದರೆ ಜೀವ ತುಂಬಬೇಕು. ಕಂಡವರ ಮದುವೆ, ಕಂಡವರ ಮಕ್ಕಳು, ಕಂಡವರ ಪ್ರವಾಸ. ರಸ್ತೆಯಲ್ಲಿ ಹೋಗುವಾಗ ಎದುರಿಗೆ ಬಂದ ಅಪರಿಚಿತರನ್ನು ನೋಡಿ, “ಈಯಮ್ಮನ ಎರಡನೇ ಮಗು ಬಲು ಮುದ್ದು” ಅಂದುಬಿಡುತ್ತಿದ್ದರಂತೆ. ಪಕ್ಕದಲ್ಲಿದ್ದ ಅತ್ತೆ ಕಕ್ಕಾಬಿಕ್ಕಿ.

ಎಲ್ಲರ ಕೈಗೂ ಫೋನು ಬಂತು, ಲ್ಯಾಬಿಗೆ ಬೀಗ ಬಿತ್ತು. ಮಾವ ಮನೆಯಲ್ಲಿ ಕೂತರು. ಕೂತವರು ಸುಮ್ಮನೆ ಕೂರಲಿಲ್ಲ. ಗೋಡೆಯ ಕ್ಯಾಲೆಂಡರಿನ ಬೆಟ್ಟಕ್ಕೆ ಹಸಿರು ಹೆಚ್ಚಾಯಿತು ಅಂತ ಶುರುಮಾಡಿ, ನಮ್ಮ ಮದುವೆಯ ಆಲ್ಬಮ್ಮಿಗೆ ಬಂದು, ಕಡೆಗೆ ಅತ್ತೆಯ ಅಡುಗೆಯ ಬಣ್ಣಕ್ಕೆ ಇಳಿದರು. “ಈ ನಾಲಿಗೆಗೆ ಎಲ್ಲಾದ್ರೂ ಒಂದು ಕೆಲಸ ಕೊಡಿಸ್ರೋ. ಇಲ್ಲಾಂದ್ರೆ ನಾನೇ ಕೆಲಸ ಹುಡುಕ್ಕೊಂಡು ಹೋಗ್ತೀನಿ” ಅಂದರು ಅತ್ತೆ. ನನ್ನ ಗಂಡ ಈ ಕೂಟವನ್ನು ಹುಡುಕಿಕೊಟ್ಟರು.

ಸೈಕಲ್ ಅಂಗಡಿಯ ಮಹಡಿಯ ಮೇಲೊಂದು ಉದ್ದನೆಯ ಕೋಣೆ. ತಿಂಗಳಿಗೊಮ್ಮೆ, ಭಾನುವಾರ ಬೆಳಗ್ಗೆ, ಫೋಟೋ ಹುಚ್ಚಿನವರೆಲ್ಲ ಅಲ್ಲಿ ಸೇರುತ್ತಾರೆ. ಒಂದು ವಿಷಯ ಕೊಟ್ಟಿರುತ್ತಾರೆ. ಎಲ್ಲರೂ ಅದರ ಮೇಲೆಯೇ ಫೋಟೋ ತೆಗೆದು, ಅಚ್ಚು ಹಾಕಿಸಿ, ತಂದು ಹಲಗೆಗೆ ಚುಚ್ಚಬೇಕು. ಆಮೇಲೆ ಒಂದೊಂದರ ಬಗ್ಗೆಯೂ ಮಾತು. ಹಲ್ಲಿನ ಡಾಕ್ಟರು, ಒಬ್ಬ ಕ್ಷೌರಿಕ, ಲೆಕ್ಕದ ಟೀಚರು, ಬಸ್ ಕಂಡಕ್ಟರ್ ಹೆಂಗಸು, ಹೀಗೆ ಎಲ್ಲರೂ ಬೇರೆ ಬೇರೆ ಕಸುಬಿನವರು. ಮಾವ ಹೋದ ಕೆಲವೇ ತಿಂಗಳಲ್ಲಿ ಮಾತೆಲ್ಲ ಅವರದೇ ಆಯಿತು. ಅವರ ಮಾತು ಕಹಿ, ಆದರೆ ಕೇಳಿಸಿಕೊಂಡವರು ಮುಂದಿನ ತಿಂಗಳು ಸ್ವಲ್ಪ ಚೆನ್ನಾಗಿ ತೆಗೆಯುತ್ತಿದ್ದರು. ಸೂರ್ಯಾಸ್ತದ ಫೋಟೋ ತಂದ ಟೀಚರಿಗೆ, “ನೀವು ಹೋಗದಿದ್ರೂ ಅವನು ಮುಳುಗ್ತಿದ್ದ. ನಿಮ್ಮ ಕೆಲಸ ಯಾವುದು ಇದರಲ್ಲಿ?” ಅಂದರು. ಆಯಮ್ಮ ಮತ್ತೆ ಸೂರ್ಯನ ತಂಟೆಗೆ ಹೋಗಲಿಲ್ಲ.

ಮಾವನನ್ನು ಬಸ್ಸು ಹತ್ತಿಸಿ ಇಳಿಸಲು ನಾನು ಜೊತೆಗೆ ಹೋಗುತ್ತಿದ್ದೆ. ಔಷಧಿ ಅಂಗಡಿಯಲ್ಲಿ ನನ್ನ ಕೆಲಸ, ಭಾನುವಾರ ರಜೆ. ಹಿಂದಿನ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದೆ.

ಹೀಗಿರುವಾಗ ಒಂದು ವರ್ಷ ಮಾವನ ರೀತಿಯೇ ಬದಲಾಯಿತು. ಮೊದಲು ಬೇರೆಯವರಿಗೆ ಬಾಯಿ ತೆರೆಯಲು ಬಿಡದವರು, ಈಗ ಪ್ರತಿ ಫೋಟೋಗೂ “ಮೊದಲು ನೀವೆಲ್ಲ ಹೇಳಿ, ಕೇಳೋಣ” ಅನ್ನತೊಡಗಿದರು. ಎಲ್ಲರ ಮಾತು ಮುಗಿದ ಮೇಲೆ ಅದರಲ್ಲೇ ನಾಲ್ಕನ್ನು ಹೆಕ್ಕಿ ಗಟ್ಟಿಯಾಗಿ ಹೇಳುತ್ತಿದ್ದರು. “ವಯಸ್ಸಾಯ್ತು, ಮುದುಕ ಮೆತ್ತಗಾಗಿದ್ದಾನೆ” ಅಂತ ಕ್ಷೌರಿಕ ಮೆಟ್ಟಿಲ ಮೇಲೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಮನೆಯಲ್ಲಿ ಮಾವ ಟೀವಿಯನ್ನು ಓರೆಯಾಗಿ ಕೂತು ನೋಡುತ್ತಿದ್ದರು. ಕೇಳಿದರೆ, “ಕುತ್ತಿಗೆ ಹಿಡ್ಕೊಂಡಿದೆ ಕಣಮ್ಮ” ಅನ್ನುತ್ತಿದ್ದರು. ನಾನು ಅಂಗಡಿಯಿಂದ ಮುಲಾಮು ತಂದುಕೊಟ್ಟೆ. ಪಾಪ, ಹಚ್ಚಿಕೊಂಡರು ಕೂಡ.

ಆ ತಿಂಗಳ ವಿಷಯ ‘ಮನೆ ಸೇರುವ ಹೊತ್ತು’. ಡಾಕ್ಟರು ಬಾಗಿಲ ಬಳಿ ಬಿಟ್ಟ ಷೂಗಳನ್ನು ತೆಗೆದಿದ್ದರು, ಕ್ಷೌರಿಕ ತನ್ನ ಅಂಗಡಿಯ ಷಟರಿನ ನೆರಳನ್ನು. ಎಲ್ಲ ಎಂದಿನಂತೆ ನಡೆಯಿತು. ಕಡೆಗೆ ಕಂಡಕ್ಟರಮ್ಮನ ಫೋಟೋ. ಅವತ್ತು ಅವಳು ತನ್ನ ತಾಯಿಯನ್ನೂ ಕರೆತಂದಿದ್ದಳು. ಇಸ್ತ್ರಿ ಸೀರೆ ಉಟ್ಟ ಆಕೆ ಮುಂದಿನ ಸಾಲಿನಲ್ಲೇ ಕೂತಿದ್ದರು. ಫೋಟೋದಲ್ಲಿ ತೆರೆದ ಬಾಗಿಲು, ಒಳಗೆ ನಸುಗತ್ತಲು, ನಟ್ಟನಡುವೆ ಹೊರಗೆ ನೋಡುತ್ತ ನಿಂತ ಅದೇ ತಾಯಿ. ಫೋಟೋದಲ್ಲಿರುವವರು ಎದುರಿಗೇ ಕೂತಿರುವಾಗ ಏನು ಹೇಳುವುದು? ಮಾವ “ನೀವೆಲ್ಲ ಹೇಳಿ” ಅಂದರು. ಎಲ್ಲರೂ ಮುಖ ಮುಖ ನೋಡಿಕೊಂಡು ಸುಮ್ಮನಾದರು.

ಮಾವ ಹಲಗೆಯ ಹತ್ತಿರ ಹೋಗಿ ರಟ್ಟಿನ ತುಂಡುಗಳನ್ನು ಇಟ್ಟರು, ಸರಿಸಿದರು. “ಬಾಗಿಲ ಚೌಕಟ್ಟಿನ ಬಣ್ಣ ಕಿತ್ತಿರೋದು ಚೆನ್ನಾಗಿ ಬಂದಿದೆ. ಈ ಪಕ್ಕದಲ್ಲಿ ಒಂಟಿ ಚಪ್ಪಲಿ, ಅದೂ ಸರಿ. ಆದ್ರೆ ಇದರ ಜೀವ ಇರೋದು ನಡುವೆ. ದುಡಿದು ಸುಸ್ತಾಗಿ ಬರ್ತಾಳೆ, ಬಾಗಿಲು ತೆರೆದಿದೆ, ಒಳಗೆ ಮಾತ್ರ ಯಾರೂ ಇಲ್ಲ. ಈ ಖಾಲಿ ಇದೆಯಲ್ಲ, ಇದು ಸುಲಭಕ್ಕೆ ಸಿಗೋದಲ್ಲ.”

ತಾಯಿ ಎದ್ದು ನಿಂತರು.

“ಯಾರೂ ಇಲ್ವಾ? ನಾನು ನಿಂತಿದೀನಲ್ಲಪ್ಪ ಅಲ್ಲಿ! ತಲೆ ಬಾಚ್ಕೊಂಡು, ಒಳ್ಳೇ ಸೀರೆ ಉಟ್ಕೊಂಡು ನಿಂತಿದ್ದೆಲ್ಲ ಹೊಳೇಲಿ ಹುಣಸೇಹಣ್ಣು ತೊಳೆದಂಗಾಯ್ತಲ್ಲ!”

ಯಾರೋ ನಕ್ಕರು. ಮಾವ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡರೋ ಏನೋ. ಮಾವ ಮಾತ್ರ ನಗಲಿಲ್ಲ. ತಲೆಯನ್ನು ಒಂದು ಪಕ್ಕಕ್ಕೆ, ಮತ್ತೆ ಇನ್ನೊಂದು ಪಕ್ಕಕ್ಕೆ ತಿರುಗಿಸಿ ಫೋಟೋ ನೋಡಿದರು. ಆಮೇಲೆ ರಟ್ಟುಗಳನ್ನು ಮೇಜಿನ ಮೇಲಿಟ್ಟು, “ಕ್ಷಮಿಸಿ ತಾಯಿ. ನನಗೆ ನಡುವೆ ಇರೋದು ಕಾಣಿಸಲ್ಲ. ಅಂಚು ಕಾಣುತ್ತೆ, ನಡುವೆ ಬರೀ ಬೂದಿ. ಬಹಳ ದಿನ ಆಯ್ತು” ಅಂದರು.

ಡಾಕ್ಟರು ತಮ್ಮ ಕ್ಯಾಮೆರಾ ಎತ್ತಿ ಹಿಡಿದರು. “ಹಾಗಾದ್ರೆ ಹೋದ ಸಲ ನನ್ನ ಫೋಟೋ ಮಸುಕಾಗಿದೆ, ಕೈ ನಡುಗಿದೆ ಅಂದ್ರಲ್ಲ ಸಾರ್? ನನ್ನ ಕೈ ನಡುಗಲ್ಲ ಅಂತ ಗೊತ್ತು, ಅದಕ್ಕೇ ಕ್ಯಾಮೆರಾ ರಿಪೇರಿಗೆ ಕೊಟ್ಟುಬಂದೆ. ರಿಪೇರಿಯವನು ಏನೂ ಆಗಿಲ್ಲ ಅಂತ ವಾಪಸ್ ಕೊಟ್ಟ.”

“ನಿಮ್ಮ ಕೈ ನಡುಗಿಲ್ಲ. ತಪ್ಪು ನಂದು” ಅಂದರು ಮಾವ.

ಮನೆಯಲ್ಲಿ ಅತ್ತೆಗೆ ನಾನೇ ಹೇಳಬೇಕಾಯಿತು. ಕಣ್ಣಿನ ಡಾಕ್ಟರ ಹತ್ತಿರ ಮಾವ ಒಬ್ಬರೇ ಹೋಗಿ ಬಂದಿದ್ದರೆಂದು ಆಗ ತಿಳಿಯಿತು. ಪೂರ್ತಿ ಕತ್ತಲಾಗುವುದಿಲ್ಲ, ಆದರೆ ಹೋದದ್ದು ಮರಳಿ ಬರುವುದಿಲ್ಲ ಅಂದಿದ್ದರಂತೆ. ಅತ್ತೆ ಅಳಲಿಲ್ಲ, ರೇಗಿದರು. “ಕಟ್ಕೊಂಡವಳಿಗೆ ಹೇಳಬೇಕು ಅನ್ನಿಸಲಿಲ್ವಾ? ನನ್ನ ಮುಖ ಕಾಣುತ್ತೋ ಇಲ್ವೋ?”

“ಓರೆಗಣ್ಣಲ್ಲಿ ಕಾಣುತ್ತೆ” ಅಂದರು ಮಾವ.

“ಈ ವಯಸ್ಸಲ್ಲಿ ಓರೆನೋಟ ಬೇರೆ!” ಅಂದು ಅತ್ತೆ ಒಳಗೆ ಹೋದರು. ಅಲ್ಲಿ ಬಹಳ ಹೊತ್ತು ನಲ್ಲಿ ಹರಿಯುವ ಸದ್ದು ಕೇಳಿಸುತ್ತಿತ್ತು.

ಮುಂದಿನ ತಿಂಗಳು ಮಾವ ಕೂಟಕ್ಕೆ ಹೋಗಲಿಲ್ಲ. ಅಡುಗೆಯ ಬಣ್ಣದ ಬಗ್ಗೆಯೂ ಚಕಾರ ಎತ್ತಲಿಲ್ಲ. ಅತ್ತೆಗೆ ಅದೇ ಭಯವಾಯಿತು. ಒಂದು ದಿನ ಬೇಕೆಂದೇ ತಳ ಹಿಡಿಸಿ ಬಡಿಸಿದರು. ಮಾವ ಉಂಡು ಎದ್ದರು, ಅಷ್ಟೇ.

ಆ ಮೌನ ಮುರಿದದ್ದು ಕಂಡಕ್ಟರಮ್ಮನ ತಾಯಿ. ಒಂದು ಸಂಜೆ ಮಗಳನ್ನು ಎಳೆದುಕೊಂಡು, ಫೋಟೋ ಸಮೇತ ಮನೆಗೇ ಬಂದರು. ಮಾವನೆದುರು ಕೂತು, “ನನ್ನ ಫೋಟೋ ಹೆಂಗಿದೆ ಅಂತ ನೀವು ಹೇಳಲೇ ಇಲ್ಲ” ಅಂದರು.

“ಕಾಣದೆ ಏನು ಹೇಳಲಿ ತಾಯಿ?”

“ಇವಳಿಗೆ ಕಣ್ಣಿದೆಯಲ್ಲ. ಕೇಳಿ, ಹೇಳ್ತಾಳೆ.”

ಮಾವ ಮನಸ್ಸಿಲ್ಲದೆ ಶುರುಮಾಡಿದರು. “ಏನಿದೆ ನಡುವೆ?”

“ಅಮ್ಮ ನನಗೋಸ್ಕರ ಕಾಯ್ತಾ ಇದಾರೆ ಸಾರ್” ಅಂದಳು ಕಂಡಕ್ಟರಮ್ಮ.

“ಕಾಯೋದು ಹೇಗೆ ಕಾಣುತ್ತೆ? ಕಣ್ಣಿಗೆ ಬೀಳೋದು ಹೇಳು. ಕೈ ಎಲ್ಲಿದೆ? ನೋಟ ಎಲ್ಲಿದೆ? ರಸ್ತೆ ಕಡೆಗಾ?”

ಅವಳು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದಳು. “ರಸ್ತೆ ಕಡೆಗಲ್ಲ. ಕ್ಯಾಮೆರಾ ಕಡೆಗೆ. ಕೈಗಳು ಸೊಂಟದ ಹಿಂದೆ ಇವೆ, ಏನೋ ಒಂದು ಇಣುಕ್ತಿದೆ... ಅಯ್ಯೋ, ಬಾಚಣಿಗೆ ಹಿಡ್ಕೊಂಡಿದೀಯಾ ಅಮ್ಮ?”

“ನಿಂತ್ಕೋ ನಿಂತ್ಕೋ ಅಂತ ನೀನೇ ಅವಸರ ಮಾಡಿದೆ. ಬಚ್ಚಿಟ್ಕೊಂಡೆ. ಕಾಯೋದಂತೆ ಕಾಯೋದು! ಇವಳು ಡ್ಯೂಟಿ ಮುಗಿಸಿ ಬರೋ ಹೊತ್ತಿಗೆ ನಾನು ಕುರ್ಚಿಯಲ್ಲೇ ಗೊರಕೆ ಹೊಡೀತಿರ್ತೀನಿ.”

ಮಾವ ಮುಂದಕ್ಕೆ ಬಾಗಿದರು. ಎಷ್ಟೋ ದಿನದ ಮೇಲೆ ಅವರ ದನಿಗೆ ಹಳೆಯ ಮೊನೆ ಬಂತು. “ಹಾಗಿದ್ರೆ ಇದು ಮನೆ ಸೇರೋ ಹೊತ್ತಲ್ಲಮ್ಮ. ಮನೆಯವರನ್ನು ನಿಲ್ಲಿಸಿ ತೆಗೆದದ್ದು. ನೀನು ದಿನಾ ಬಂದಾಗ ಏನು ನೋಡ್ತೀಯೋ ಅದನ್ನ ತೆಗೀಲಿಲ್ಲ ಯಾಕೆ?”

ಅವಳ ಮುಖ ಸ್ವಲ್ಪ ಬಾಡಿತು. ಆಮೇಲೆ, “ಹೌದು ಸಾರ್, ಅದು ಹೊಳೀಲೇ ಇಲ್ಲ” ಅಂದಳು.

ಮುಂದಿನ ಕೂಟದ ಭಾನುವಾರ ಮಾವ ತಾವಾಗಿಯೇ ಅಂಗಿ ಬದಲಿಸಿ ಹೊರಟರು. ಕೂಟದಲ್ಲಿ ಎದ್ದು ನಿಂತು, “ಇನ್ನು ಮೇಲೆ ನಾನು ಬರೀ ಕೇಳ್ತೀನಿ. ಫೋಟೋದಲ್ಲಿ ಏನಿದೆ ಅಂತ ತೆಗೆದವರೇ ಹೇಳಬೇಕು. ಒಪ್ಪಿಗೆ ಇದ್ರೆ ಬರ್ತೀನಿ, ಇಲ್ಲದಿದ್ರೆ ಇಲ್ಲ” ಅಂದರು. ಡಾಕ್ಟರಿಗೆ ಒಪ್ಪಿಗೆಯಾಗಲಿಲ್ಲ. ಫೋಟೋ ನೋಡುವುದಕ್ಕೆ ಕಣ್ಣು ಬೇಕು, ಇದರಲ್ಲಿ ಮುಚ್ಚುಮರೆ ಯಾಕೆ ಅಂದರು. ಅವರ ಮಾತಿನಲ್ಲೂ ಸುಳ್ಳಿರಲಿಲ್ಲ. ಅವರೂ ಇನ್ನಿಬ್ಬರೂ ಬೇರೆ ಕೂಟ ಮಾಡಿಕೊಂಡರು. ಹೋಗುವಾಗ ಡಾಕ್ಟರು ಮಾವನ ಕೈ ಕುಲುಕಿಯೇ ಹೋದರು.

ಉಳಿದವರಿಗೆ ಹೊಸ ರೀತಿ ಒಗ್ಗಲು ಸಮಯ ಹಿಡಿಯಿತು. ತಾವೇ ತೆಗೆದ ಫೋಟೋದಲ್ಲಿ ಏನಿದೆ ಅಂತ ಹೇಳಲು ಹೊರಟ ಟೀಚರು ತಡವರಿಸುತ್ತಿದ್ದರು, “ನೆಮ್ಮದಿ ಇದೆ ಸಾರ್” ಅಂದರೆ “ನೆಮ್ಮದಿ ಯಾವ ಬಣ್ಣದ್ದು?” ಅಂತ ಮಾವ ಕೇಳುತ್ತಿದ್ದರು. ಕ್ಷೌರಿಕ ಇಲ್ಲದ್ದನ್ನೆಲ್ಲ ಸೇರಿಸಿ ಹೇಳಿ, ಪಕ್ಕದವರಿಂದ ಬೈಸಿಕೊಳ್ಳುತ್ತಿದ್ದ. ಕೆಲವು ಸಲ ಮಾವನೂ ತಪ್ಪು ತಿಳಿದುಕೊಂಡು ಸುಮ್ಮಸುಮ್ಮನೆ ಹೊಗಳಿದ್ದುಂಟು. ಮೊದಲಿಗಿಂತ ಗಲಾಟೆ ಹೆಚ್ಚಾಯಿತು, ಮಧ್ಯಾಹ್ನದ ಊಟದ ಹೊತ್ತು ಮೀರತೊಡಗಿತು.

ಕಂಡಕ್ಟರಮ್ಮ ಕಡೆಗೂ ಇನ್ನೊಂದು ಫೋಟೋ ತಂದಳು. ದೀಪ ಉರಿಯುತ್ತಿದೆ, ಕುರ್ಚಿಯಲ್ಲಿ ತಾಯಿ ಬಾಯಿ ತೆರೆದು ನಿದ್ದೆ ಹೋಗಿದ್ದಾರೆ, ಮೇಜಿನ ಮೇಲೆ ಮುಚ್ಚಿಟ್ಟ ತಟ್ಟೆ, ಪಕ್ಕದಲ್ಲಿ ಕವುಚಿಟ್ಟ ಲೋಟ. ಅವಳು ಒಂದೊಂದನ್ನೇ ಹೇಳುತ್ತ ಹೋದಳು. ಮಾವ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು: “ಇದನ್ನ ತೆಗೆದಾದ ಮೇಲೆ ಎಬ್ಬಿಸಿದೆಯಾ?”

“ಇಲ್ಲ ಸಾರ್. ಊಟ ಮಾಡಿ, ಹೊದಿಸಿ, ನಾನೂ ಮಲಗಿದೆ.”

“ಚೆನ್ನಾಗಿದೆ” ಅಂದರು ಮಾವ. ಆ ಕೋಣೆಯಲ್ಲಿ ಅವರ ಬಾಯಲ್ಲಿ ಬೇರೇನೂ ಸೇರಿಸದೆ ಬಂದ ‘ಚೆನ್ನಾಗಿದೆ’ಯನ್ನು ನಾನು ಕೇಳಿದ್ದು ಅದೇ ಮೊದಲು. ಕೂಟದವರು ಅದನ್ನು ಗೋಡೆಗೆ ಹಾಕಬೇಕು ಅಂದರು. ತಾಯಿ ಬಿಲ್‌ಕುಲ್ ಒಪ್ಪಲಿಲ್ಲ. “ನನ್ನ ಬಾಯಿ ಊರಿಗೆಲ್ಲ ಯಾಕೆ?” ಅಂದು ಫೋಟೋ ಕಿತ್ತುಕೊಂಡು ಕೈಚೀಲಕ್ಕೆ ತುರುಕಿದರು. ಅದು ಈಗಲೂ ಅವರ ಬೀರುವಿನಲ್ಲಿದೆಯಂತೆ.