ಅಣ್ಣನ ಪಿಸ್ತೂಲಿನ ತಕರಾರು

ನಮ್ಮಣ್ಣ ಹೊಸದುರ್ಗದಲ್ಲಿ ಅರಣ್ಯ ಇಲಾಖೆಯ ರೇಂಜರಾಗಿದ್ದ. ನನ್ನ ಯಜಮಾನರು ಚಿತ್ರದುರ್ಗದ ಕೋರ್ಟಿನಲ್ಲಿ ವಕೀಲರು. ಕಚೇರಿ ಕೆಲಸಕ್ಕೆ ದುರ್ಗಕ್ಕೆ ಬಂದಾಗಲೆಲ್ಲ ಅಣ್ಣ ನಮ್ಮ ಮನೆಯಲ್ಲೇ ಉಳಿಯುತ್ತಿದ್ದ. ಊಟ ಮುಗಿಸಿ ಇಬ್ಬರೂ ಪಡಸಾಲೆಯಲ್ಲಿ ಎಲೆಅಡಿಕೆ ತಟ್ಟೆ ಮುಂದಿಟ್ಟುಕೊಂಡು ವಾದಕ್ಕೆ ಕೂರುವರು. ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವರು. ಕೆರೆ ನೀರಿನ ಸರದಿಯಾಗಲಿ, ಯಾರದೋ ದತ್ತಕದ ವಿಷಯವಾಗಲಿ, ಅವರಿಗೆ ಯಾವುದಾದರೂ ನಡೆಯುತ್ತಿತ್ತು. ಅಣ್ಣ ಆ ಪಿಸ್ತೂಲು ತಂದ ಮೇಲೆ ಮಾತ್ರ ಬೇರೆ ಮಾತೇ ಇಲ್ಲದಂತಾಯಿತು.

ಇಂಗ್ಲೆಂಡಿಗೆ ಹೊರಟು ನಿಂತಿದ್ದ ಒಬ್ಬ ಬಿಳಿಯ ದೊರೆಯಿಂದ ಅದನ್ನು ಕೊಂಡು ಲೈಸೆನ್ಸು ಮಾಡಿಸಿಕೊಂಡಿದ್ದ. ಹಳೆಯ ಮಾದರಿ, ಆದರೆ ಬೇಟೆಯವರಲ್ಲಿ, ಪೊಲೀಸಿನವರಲ್ಲಿ ಬಲು ಹೆಸರು ಮಾಡಿದ್ದಂತೆ. ನಡುವೆ ತಿರುಗುವ ಉರುಳೆ, ಅದರಲ್ಲಿ ತೋಟಾ ತುಂಬಲು ಆರು ಗೂಡು. ಹಿಂದೆ ಪುಟ್ಟ ಸುತ್ತಿಗೆಯಂಥ ಬಾಗಿದ ಕಬ್ಬಿಣ. ಅದಕ್ಕೆ ಕುದುರೆ ಅನ್ನುತ್ತಾರೆ. ಅದು ತೋಟಾದ ಬೆನ್ನಿಗೆ ಬಡಿದರೆ ಗುಂಡು ಹಾರುತ್ತದೆ.

ನಮ್ಮವರು ಮೊದಲ ದಿನವೇ ಕೇಳಿದರು. "ಭಾವ, ಗುಂಡು ಹಾರಿಸ್ದೆ ಸುಮ್ನೆ ಸೊಂಟದಾಗೆ ಇಟ್ಕಂಡಾಗ ಈ ಕುದುರೆ ಎಲ್ಲಿರ್ತೈತೆ?"

"ತೋಟಾದ ಬೆನ್ನ ಮ್ಯಾಲೇ ಕುಂತಿರ್ತೈತೆ," ಎಂದ ಅಣ್ಣ.

"ಆಗ ಅದಕ್ಕೆ ಹೊರಗಿಂದ ಏಟು ಬಿದ್ರೆ?"

"ಅದಕ್ಕೇ ತಿಳಿದೋರು ಐದೇ ತೋಟಾ ತುಂಬ್ತಾರೆ. ಕುದುರೆ ಕೆಳಗಿನ ಗೂಡು ಖಾಲಿ ಬಿಡ್ತಾರೆ."

"ಹಂಗಾದ್ರೆ ಆರನೇ ಗೂಡು ಯಾಕೆ ಮಾಡಿದ್ರು? ಆರು ಮಾಡಿ, ಆರೂ ತುಂಬಬ್ಯಾಡ್ರಿ ಅಂದ್ರೆ ಅದು ದೋಷ ಅಲ್ದೆ ಇನ್ನೇನು?"

ಅಣ್ಣ ನಕ್ಕ. "ಕುಡುಗೋಲು ಹರಿತ ಐತೆ ಅಂತ ಕಮ್ಮಾರನ್ನ ಬೈತೀರೇನು? ಹಿಡಿಯೋನಿಗೆ ಗೊತ್ತಿರ್ಬೇಕು."

"ಗೋಡೆಗೆ ಸಿಗಿಸಿದ ಕುಡುಗೋಲು ತಾನೇ ಬಂದು ಯಾರನ್ನೂ ಕುಯ್ಯಲ್ಲ ಭಾವ."

ಅಣ್ಣನ ಬಳಿ ಇನ್ನೊಂದು ಉತ್ತರವಿತ್ತು. ಕುದುರೆಯನ್ನು ತುಸು ಹಿಂದಕ್ಕೆಳೆದರೆ ಒಳಗಿನ ಒಂದು ಹಲ್ಲಿಗೆ ಸಿಕ್ಕಿ, ತೋಟಾ ಮುಟ್ಟದೆ ನಿಲ್ಲುತ್ತಿತ್ತು. ಅದನ್ನು ತೋರಿಸಿದ. ನಮ್ಮವರು ಕನ್ನಡಕ ಏರಿಸಿ ನೋಡಿ, ಇಷ್ಟು ತೆಳ್ಳನೆಯ ಹಲ್ಲನ್ನು ನಂಬಿ ಜೀವ ಇಡುವುದು ಹೇಗೆ ಎಂದರು. ಒಂದು ವರ್ಷಕ್ಕೂ ಮೇಲೆ ಈ ವಾದ ಎಳೆಯಿತು. ನಾನು ಹಾಕಿದ ಕಟ್ಟಳೆ ಒಂದೇ. ಹೊಸಲು ದಾಟುವ ಮೊದಲು ತೋಟಾಗಳೆಲ್ಲ ಹೊರಗೆ ಬರಬೇಕು. ಅಣ್ಣ ಎದುರಾಡದೆ ಅವನ್ನು ಕರವಸ್ತ್ರದಲ್ಲಿ ಕಟ್ಟಿ ನನ್ನ ಕೈಗೆ ಕೊಡುತ್ತಿದ್ದ.

ಆ ಬೇಸಿಗೆಯಲ್ಲಿ ಬಾಗೂರಿನ ಕಡೆ ಚಿರತೆಯೊಂದು ಕುರಿಹಟ್ಟಿಗೆ ಬೀಳುತ್ತಿದೆ ಎಂದು ದೂರು ಬಂತು. ಅಣ್ಣ ಗಾಡಿ ಕಟ್ಟಿಸಿಕೊಂಡು ಹೊರಟ. ಚಿರತೆಯ ಸುದ್ದಿ ಕೇಳಿ ಅಂದು ಆರೂ ಗೂಡು ತುಂಬಿದ್ದ. ದಾರಿಯಲ್ಲಿ ಒಂದು ಹಳ್ಳದ ಹತ್ತಿರ ಇಳಿದು, ಮುಖ ತೊಳೆಯಲು ಬಗ್ಗಿದಾಗ ಸೊಂಟದ ಚರ್ಮದ ಚೀಲದಿಂದ ಪಿಸ್ತೂಲು ಜಾರಿತು. ಕುದುರೆಯೇ ಮೊದಲು ಬಂಡೆಗೆ ತಾಕಿತು. ಗುಂಡು ಎಡಗಾಲಿನ ಮೀನಖಂಡ ಸೀಳಿಕೊಂಡು ಹೋಯಿತು.

ಹತ್ತಿರದಲ್ಲಿ ಕುರಿ ಕಾಯುತ್ತಿದ್ದ ಒಬ್ಬಾತ ಓಡಿಬಂದು, ತಲೆಯ ರುಮಾಲು ಬಿಚ್ಚಿ ಕಾಲಿಗೆ ಬಿಗಿದು, ಕಂಬಳಿಯ ಮೇಲೆ ಮಲಗಿಸಿ, ಗಾಡಿಯವನ ಜೊತೆಗೂಡಿ ಹೊಸದುರ್ಗದ ಆಸ್ಪತ್ರೆಗೆ ಸಾಗಿಸಿದ. ಆತ ಆ ಹೊತ್ತಿಗೆ ಬಾರದಿದ್ದರೆ ಅಣ್ಣ ಉಳಿಯುತ್ತಿರಲಿಲ್ಲ ಎಂದು ಆಮೇಲೆ ಡಾಕ್ಟರು ಹೇಳಿದರು.

ಸುದ್ದಿ ಮುಟ್ಟಿ ನಾವು ಹೋಗುವಷ್ಟರಲ್ಲಿ ಅಣ್ಣನಿಗೆ ಎಚ್ಚರವಾಗಿತ್ತು. ನಾನು ಮಂಚದ ಪಕ್ಕ ಕೂತು ಅಳುತ್ತಿದ್ದೆ. ಅವನು ನನ್ನನ್ನು ನೋಡಲಿಲ್ಲ.

"ಭಾವ, ಆರು ತುಂಬಿದ್ದು ನನ್ ತಪ್ಪು. ಪಿಸ್ತೂಲಿಂದೇನೂ ತಪ್ಪಿಲ್ಲ," ಅಂದ.

ನನಗೆ ಅಳು ನಿಂತು ಸಿಟ್ಟು ಬಂತು.

ಅತ್ತಿಗೆ ಬಾಣಂತನಕ್ಕೆ ತವರಿಗೆ ಹೋಗಿದ್ದರಿಂದ ಅಣ್ಣನನ್ನು ನಮ್ಮ ಮನೆಗೇ ಕರೆತಂದೆವು. ಗಾಯ ಮಾಯುತ್ತ ಬಂತು, ಆದರೆ ಪಾದ ಮೊದಲಿನಂತೆ ಏಳುತ್ತಿರಲಿಲ್ಲ. ಇನ್ನು ಕಾಡು ಸುತ್ತುವ ಕೆಲಸ ಆಗುವುದಿಲ್ಲವೆಂದು ಅವನಿಗೂ ತಿಳಿಯಿತು. ಊಟ ಕಡಿಮೆ ಮಾಡಿದ. ಒಂದು ಸಂಜೆ ತಾನೇ ಮಾತು ತೆಗೆದು, "ಐದೇ ತುಂಬಿದ್ರೆ ಏನೂ ಆಗ್ತಿರ್ಲಿಲ್ಲ ಅಲ್ವಾ ಭಾವ?" ಅಂದ.

"ಹೌದು ಬಿಡ್ರಿ. ನೀವು ಹೇಳಿದ್ದೇ ಸರಿ. ಪಿಸ್ತೂಲಿನಾಗೆ ಏನೂ ದೋಷ ಇಲ್ಲ," ಎಂದರು ನಮ್ಮವರು.

ಅಣ್ಣ ಅವರ ಮುಖ ನೋಡಿ, ಗೋಡೆಯ ಕಡೆ ಹೊರಳಿ ಮಲಗಿದ. ಅವತ್ತು ರೊಟ್ಟಿ ಮುಟ್ಟಲಿಲ್ಲ.

ನಾನು ಅಡುಗೆಮನೆಯಲ್ಲಿ ನಮ್ಮವರಿಗೆ ಹೇಳಿದೆ. "ಅವನ್ನ ವಾದದಾಗೆ ಸೋಲಿಸ್ರಿ, ಚಿಂತಿಲ್ಲ. ಕಾಲು ಹೋದೋನು ಅಂತ ಗೆಲ್ಲಿಸಬ್ಯಾಡ್ರಿ."

"ಗಾಯದ ಮ್ಯಾಲೆ ಹ್ಯಂಗೆ ವಾದ ಮಾಡ್ಲಿ?" ಎಂದರು. ತಮ್ಮ ಮಾತೇ ನಿಜವಾಯಿತಲ್ಲ ಎಂದು ಅವರು ಒಳಗೇ ಕೊರಗುತ್ತಿದ್ದುದು ನನಗೆ ಆಗಲೇ ತಿಳಿದದ್ದು.

ಮಾರನೆಯ ದಿನ ಕೋರ್ಟಿನಿಂದ ಬಂದವರೇ ಪೇಟ ತೆಗೆಯದೆ ಅಣ್ಣನ ಮಂಚದ ಹತ್ತಿರ ಕೂತರು. "ಭಾವ, ನಿನ್ನೆ ನಾನು ಸುಳ್ಳು ಹೇಳ್ದೆ. ಒಂದ್ಸಲ ತಪ್ಪಿದೋನಿಗೆ ಇಷ್ಟು ಶಿಕ್ಷೆ ಕೊಡೋ ಯಂತ್ರದಾಗೆ ದೋಷ ಐತೆ. ದೊಡ್ಡ ದೋಷ."

ಅಣ್ಣ ಮೊಣಕೈ ಊರಿ ಎದ್ದು ಕೂತ. "ತಂಗಿ, ಅದನ್ನ ತಗಂಬಾ," ಎಂದ.

ಅಣ್ಣನ ಸಾಮಾನಿನ ಜೊತೆ ಬಂದಿದ್ದ ಪಿಸ್ತೂಲನ್ನು ತೋಟಾ ತೆಗೆಸಿ ಸೀರೆಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೆ. ತಂದುಕೊಟ್ಟೆ. ಅಣ್ಣ ಕುದುರೆಯನ್ನು ತುಸು ಎಳೆದು ಬಿಟ್ಟ. ಅದು ನಿಲ್ಲಲಿಲ್ಲ. ಮತ್ತೆ ಎಳೆದ. ಮತ್ತೆ ಜಾರಿ ಬಿತ್ತು. ಒಳಗಿನ ಹಲ್ಲು ಮುರಿದಿತ್ತು.

"ನೋಡಿದ್ರಾ? ಆವತ್ತು ಹಲ್ಲಿಗೆ ಸಿಗಿಸೇ ಇಟ್ಟಿದ್ದೆ. ಅದು ಮುರಿದೈತೆ. ಇದೊಂದು ಪಿಸ್ತೂಲು ಹಾಳು, ಮಾದರಿ ಹಾಳಲ್ಲ," ಎಂದ ಅಣ್ಣ.

"ಒಂದೇ ಏಟಿಗೆ ಮುರಿಯೋ ಹಲ್ಲು ಇಟ್ಟಿದ್ದು ಯಾರು? ಮಾದರಿ ಮಾಡಿದೋನು," ಎಂದರು ನಮ್ಮವರು.

ಇಬ್ಬರ ದನಿಯೂ ಏರಿತು. ಪಕ್ಕದ ಮನೆಯವರು ಬಾಗಿಲಿಗೆ ಬಂದು, ಏನಾಯಿತೆಂದು ಕೇಳಿದರು. ಏನೂ ಇಲ್ಲ, ಮಾತಾಡುತ್ತಿದ್ದಾರೆ ಎಂದೆ. ಅಂದು ಅಣ್ಣ ಊಟಕ್ಕೆ ಎರಡನೆಯ ಸಲ ರೊಟ್ಟಿ ಕೇಳಿದ. ನಾನು ಒಲೆಯ ಮುಂದೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡೆ.

ನನಗೆ ನಮ್ಮವರ ಮಾತೇ ಸರಿ ಅನ್ನಿಸುತ್ತದೆ. ಮನುಷ್ಯ ಒಂದಲ್ಲ ಒಂದು ದಿನ ತಪ್ಪುತ್ತಾನೆ ಎಂದು ಗೊತ್ತಿದ್ದೂ ಪಿಸ್ತೂಲನ್ನು ಹಾಗೆ ಮಾಡಬಾರದಿತ್ತು. ಅಣ್ಣನಿಗೆ ಇದನ್ನು ಹೇಳಿದ್ದೆ. "ನೀನು ಅವ್ರ ಹೆಂಡ್ತಿ ಅಲ್ವಾ," ಎಂದು ತಳ್ಳಿಹಾಕಿದ.

ಆಮೇಲೆ ಅಣ್ಣ ಪಿಸ್ತೂಲನ್ನು ಕಚೇರಿಗೆ ಒಪ್ಪಿಸಿ ಲೈಸೆನ್ಸು ಬಿಟ್ಟುಕೊಟ್ಟ. ಎಡಗಾಲಿಗೆ ದಪ್ಪ ಅಟ್ಟೆಯ ಮೆಟ್ಟು ಹೊಲಿಸಿಕೊಂಡ. ಮಳೆಗಾಲ ಹಿಡಿಯುವ ಮೊದಲು ಅವನಿಗೆ ಹೊಳಲ್ಕೆರೆಯಲ್ಲಿ ಕೂತು ಮಾಡುವ ಕೆಲಸ ಸಿಕ್ಕಿತು. ಅತ್ತಿಗೆ ಕೂಸನ್ನೆತ್ತಿಕೊಂಡು ಅಲ್ಲಿಗೇ ಬಂದಳು.